ನಾಲೆ ಏರಿಯ ಮೇಲೆ

– ಬಾಮ್ಮ, ಬಾ. ಎರಡು ದಿನ ನಿಮ್ಮನೆ ಬಾಗಿಲು ಹಾಕಿತ್ತು. ಗೇಟಿನ ಹತ್ತಿರ ಪೇಪರ್ ಬಿದ್ದಿತ್ತು, ಎತ್ತಿಟ್ಟಿದ್ದೀನಿ. ಊರಿಗೆ ಹೋಗಿದ್ರಾ?

– ನಮ್ಮೂರಿಗಲ್ಲ ಮೇಷ್ಟ್ರೇ, ನಿಮ್ಮ ಸೀಮೆಗೆ. ಪಾಂಡವಪುರದ ಹತ್ತಿರ ಒಂದು ಹಳ್ಳಿ. ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು ಅಲ್ಲಿದ್ದಾಳೆ. ಅವರಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬರೇ ಆದರಲ್ಲ, ಇಲ್ಲಿಯ ಕೆಲಸ ಬಿಟ್ಟು ಗಂಡ, ಮಗಳ ಸಮೇತ ಊರು ಸೇರಿಕೊಂಡಳು. ಆರು ವರ್ಷದಿಂದ ಬಾ ಬಾ ಅಂತ ಕರೀತಾನೇ ಇದ್ದಳು. ಸಂಕ್ರಾಂತಿ ಕಳೆದಿದ್ದೇ ಮಗನನ್ನ ಕರಕೊಂಡು ಹೊರಟುಬಿಟ್ಟೆ. ಎರಡೂ ದಿನ ಹೆಚ್ಚಾಗಿ ಸೈಕಲ್ಲು, ಇಲ್ಲವೇ ಕಾಲ್ನಡಿಗೆ.

– ಹಿರೋಡೆ ಅನ್ನು. ನಮ್ಮಜ್ಜಿ ಸಾಯೋತನಕ ಪಾಂಡವಪುರ ಅನ್ನಲಿಲ್ಲ, ಹಿರೋಡೆ ಅಂತಲೇ ಅನ್ನೋಳು. ಬ್ರಿಟಿಷರ ಕಾಲದ ನಕ್ಷೆಯಲ್ಲಿ ಅದು ಫ್ರೆಂಚ್ ರಾಕ್ಸ್. ಹೈದರಾಲಿ, ಟಿಪ್ಪು ಕಾಲದಲ್ಲಿ ಫ್ರೆಂಚರ ದಂಡು ಬೀಡುಬಿಟ್ಟಿದ್ದ ಜಾಗ. ಪಾಂಡವಪುರ ಆಮೇಲಿನ ಹೆಸರು. ಹೇಗೆ ಹೋದೆ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಹೋದರೆ ಈಗ ಒಂದೂವರೆ ಗಂಟೆ ಅಂತಾರೆ.

– ರೈಲಲ್ಲಿ ಹೋದೆ. ಪ್ಯಾಸೆಂಜರ್. ಎಲ್ಲ ಸ್ಟೇಷನ್ನಿನಲ್ಲೂ ನಿಂತು ನಿಂತು ಹೋಯಿತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಲ್ಲಿ ವಡೆ. ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಿದ್ದರೆ ಮದ್ದೂರು ಬಂದದ್ದೇ ಗೊತ್ತಾಗ್ತಿರಲಿಲ್ಲ.

– ಆ ರಸ್ತೆ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ಆಗಸ್ಟ್ ಒಂದನೇ ತಾರೀಕಿನಿಂದ ಬೈಕು, ಆಟೋ, ಟ್ರ್ಯಾಕ್ಟರು ಯಾವುದನ್ನೂ ಅದರ ಮೇಲೆ ಬಿಡಬಾರದು ಅಂತ ಮಾಡಿದರು. ಸೈಕಲ್ ಮಾತಂತೂ ಕೇಳಲೇಬೇಡ. ಸಾವು ತಪ್ಪಿಸೋದಕ್ಕೆ ಮಾಡಿದರು, ಅದು ಸರಿ, ನಾನು ತಪ್ಪು ಅನ್ನಲ್ಲ. ಆದರೆ ಯೋಚನೆ ಮಾಡು. ಆ ರಸ್ತೆಗೆ ಜಮೀನು ಬಿಟ್ಟುಕೊಟ್ಟ ರೈತ ತನ್ನ ಟ್ರ್ಯಾಕ್ಟರನ್ನ ಅದರ ಮೇಲೆ ಓಡಿಸೋ ಹಾಗಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು. ನನಗೆ ಅದು ಕಣ್ಣಿಗೆ ಚುಚ್ಚುತ್ತೆ ಕಣಮ್ಮ.

– ನನಗೂ ಅದೇ ಅನ್ನಿಸಿತು. ಅದಕ್ಕೇ ಅಲ್ಲಿಗೆ ಹೋದಮೇಲೂ ಕಾರು, ಬೈಕು ಹತ್ತಬಾರದು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಗೆಳತಿ ಮನೆಯಲ್ಲಿ ಮೂರು ಸೈಕಲ್ ಇದ್ದವು. ಒಂದು ಅವರಪ್ಪನದು, ಕರೀ ಹರ್ಕ್ಯುಲಿಸ್. ಅವರು ಹೋದಮೇಲೆ ಯಾರೂ ತುಳಿದಿರಲಿಲ್ಲವಂತೆ. ನಾವು ಬರುತ್ತೇವೆ ಅಂತ ಅವಳ ಗಂಡ ಅಟ್ಟದ ಕೆಳಗಿಂದ ತೆಗೆದು, ಚೈನಿಗೆ ಎಣ್ಣೆ ಬಿಟ್ಟು, ಹೊಸ ಟ್ಯೂಬು ಹಾಕಿಸಿ ನಿಲ್ಲಿಸಿದ್ದರು. ಸೀಟಿನ ಚರ್ಮ ಒಂದು ಪಕ್ಕ ಸವೆದಿತ್ತು. ಅಪ್ಪ ಎಡಕ್ಕೆ ವಾಲಿಕೊಂಡು ತುಳೀತಿದ್ದರು ಅಂದಳು ಗೆಳತಿ. ಆ ಸೀಟಿನ ಮೇಲೆ ಕೂತರೆ ನಾನೂ ತಾನಾಗಿ ಎಡಕ್ಕೇ ವಾಲಿದೆ ಮೇಷ್ಟ್ರೇ.

– ಕ್ಯಾರಿಯರ್ ಇತ್ತಾ?

– ಇತ್ತು. ಕಬ್ಬಿಣದ ದಪ್ಪ ಕ್ಯಾರಿಯರ್.

– ಅದರ ಮೇಲೆ ಒಂದು ಮೂಟೆ ಭತ್ತ ಹಾಕಿಕೊಂಡು ಗಿರಣಿಗೆ ತಳ್ಳಿಕೊಂಡು ಹೋಗ್ತಿದ್ದರು. ನಾನು 1974ರಲ್ಲಿ ಚಿನಕುರಳಿ ಕಡೆ ಒಂದು ಸ್ಕೂಲಿಗೆ ಮೇಷ್ಟ್ರಾಗಿ ಸೇರಿದಾಗ ಊರಿನಲ್ಲಿ ನಾಲ್ಕು ಸೈಕಲ್ ಇದ್ದವು, ಒಂದು ನನ್ನದು. ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಡಾಕ್ಟರನ್ನ ಕರೆತರೋಕೆ ನನ್ನ ಸೈಕಲ್ಲೇ ಹೋಗೋದು. ಯಾರು ತಗೊಂಡು ಹೋದರು ಅಂತ ಬೆಳಿಗ್ಗೆ ಗೊತ್ತಾಗ್ತಿತ್ತು. ಉಳಿದೆರಡು ಸೈಕಲ್ ಯಾವುವು?

– ಒಂದು ಗೆಳತಿಯ ಗಂಡನದು. ಇನ್ನೊಂದು ಮಗಳದು, ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಡುತ್ತಿತ್ತಲ್ಲ, ಆ ಸೈಕಲ್. ಸಂಬಂಧಿಕರ ಹುಡುಗಿಗೆ ಬಂದದ್ದು ಇವಳಿಗೆ ಸಿಕ್ಕಿದೆ.

– 2006-07ರಲ್ಲಿ ಶುರುವಾದ ಯೋಜನೆ ಅದು. ಆಗ ನಾನಿನ್ನೂ ಕೆಲಸದಲ್ಲಿದ್ದೆ. ಮಂಡ್ಯದ ಹಳ್ಳಿಗಳಲ್ಲಿ ಅದಕ್ಕೆ ಮುಂಚೆ ಏಳನೇ ಕ್ಲಾಸು ಮುಗಿಸಿದ ಹೆಣ್ಣುಮಕ್ಕಳನ್ನ ಮುಂದಿನ ಊರಿನ ಹೈಸ್ಕೂಲಿಗೆ ಕಳಿಸೋಕೆ ಅಪ್ಪಂದಿರು ಹಿಂದೆಮುಂದೆ ನೋಡ್ತಿದ್ದರು. ಒಬ್ಬಳೇ ಕಬ್ಬಿನ ಗದ್ದೆ ನಡುವೆ ನಡಕೊಂಡು ಹೋಗಬೇಕಲ್ಲ ಅಂತ. ಸೈಕಲ್ ಬಂದಮೇಲೆ ಐದಾರು ಹುಡುಗಿಯರು ಸಾಲಾಗಿ ಹೋಗೋಕೆ ಶುರುಮಾಡಿದರು. ಬೆಳಿಗ್ಗೆ ಒಂಬತ್ತಕ್ಕೆ ಆ ಬೆಲ್ಲಿನ ಸದ್ದು ಕೇಳಿದರೆ ನನ್ನ ಎದೆ ತುಂಬಿ ಬರ್ತಿತ್ತು. ಆಮೇಲೆ ಕೊರೋನಾ ಕಾಲದಲ್ಲಿ ನಿಂತುಹೋಯಿತು. ನಿಲ್ಲಬಾರದಿತ್ತು. ನಿನ್ನ ಮಗ ಯಾವುದನ್ನ ತುಳಿದ?

– ಅವನಿಗೆ ಆ ಹರ್ಕ್ಯುಲಿಸ್ಸೇ ಬೇಕು. ಹನ್ನೆರಡು ವರ್ಷದವನು, ಕಾಲು ಎಟುಕೋದಿಲ್ಲ. ಆ ಹುಡುಗಿ ಅವನಿಗೆ ಒಳಪೆಡಲು ಹೇಳಿಕೊಟ್ಟಳು. ಬಾರಿನ ಕೆಳಗೆ ಕಾಲು ತೂರಿಸಿ, ಮೈ ಒಂದು ಕಡೆಗೆ ಹಾಕಿ, ಅರ್ಧರ್ಧ ಪೆಡಲು. ಕಣದಲ್ಲಿ ಎರಡು ಸಲ ಬಿದ್ದ. ಮಂಡಿ ತರಚಿತು. ಮೂರನೇ ಸಲ ಹುಣಸೇಮರದವರೆಗೂ ಹೋಗಿ ತಿರುಗಿಸಿಕೊಂಡು ಬಂದ. ಇಲ್ಲಿ ಅವನಿಗೆ ಗೇರ್ ಸೈಕಲ್ ಇದೆ, ಬೇಸ್‌ಮೆಂಟಿನಲ್ಲಿ ಧೂಳು ಹಿಡಿದಿದೆ. ಯಾವತ್ತೂ ಅವನ ಮುಖದಲ್ಲಿ ಅಂಥ ಬೆಳಕು ನೋಡಿರಲಿಲ್ಲ.

– ನಾಲೆ ಮೇಲೆ ಹೋದಿರಾ?

– ಶನಿವಾರ ಪೂರ್ತಿ ನಾಲೆ ಏರಿಯ ಮೇಲೇ. ಆ ವಾರ ಕಟ್ಟು ನೀರು ಬಿಟ್ಟಿದ್ದರು, ನಾಲೆ ತುಂಬಿ ಸದ್ದಿಲ್ಲದೆ ಹೋಗ್ತಿತ್ತು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಏರಿಯಿಂದ ಕೆಳಗೆ ಗದ್ದೆ. ಏರು ಅನ್ನೋದೇ ಇಲ್ಲ. ತುಳಿಯೋಕೆ ಇಷ್ಟು ಸಲೀಸಾದ ದಾರಿ ನಾನು ಬೇರೆಲ್ಲೂ ಕಂಡಿಲ್ಲ.

– ಏರು ಹೇಗಿರುತ್ತೆ? ನೀರು ಹೋಗೋ ದಾರಿ ತಾನೇ. ಕನ್ನಂಬಾಡಿಯಿಂದ ಎಡದಂಡೆಯಲ್ಲಿ ಹೊರಟ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಗದ್ದೆಗಳಿಗೆ ಮುಟ್ಟಬೇಕು. ಮಟ್ಟ ಒಂದಿಷ್ಟು ಹೆಚ್ಚುಕಮ್ಮಿಯಾದರೂ ನೀರು ನಿಂತುಬಿಡುತ್ತೆ. ಅಡ್ಡ ಗುಡ್ಡ ಬಂದಾಗ ಹುಲಿಕೆರೆ ಹತ್ತಿರ ಸುರಂಗ ಕೊರೆದರು, ಸುಮಾರು ಎರಡೂಮುಕ್ಕಾಲು ಕಿಲೋಮೀಟರ್. 1911ರಲ್ಲಿ ಕಟ್ಟೆ ಕೆಲಸ ಶುರುವಾದಾಗ ಆ ಕಡೆಯೆಲ್ಲ ರಾಗಿ, ಹುರುಳಿ, ಕುರುಚಲು ಕಾಡು. ಮಳೆ ಹೋದರೆ ಗುಳೆ. ಇರ್ವಿನ್ ನಾಲೆ ಅಂತ ಹೆಸರಿಟ್ಟರು, ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯಿತು. ಜನರ ಬಾಯಲ್ಲಿ ವಿ.ಸಿ. ನಾಲೆ. ನಮ್ಮಪ್ಪ ಹೇಳ್ತಿದ್ದರು, ಮೊದಲ ಸಲ ನೀರು ಬಂದಾಗ ಊರಿನವರೆಲ್ಲ ಅರಿಶಿನ ಕುಂಕುಮ ಹಿಡಕೊಂಡು ಏರಿ ಮೇಲೆ ನಿಂತಿದ್ದರಂತೆ. ಅಪ್ಪ ಆಗ ಅವರಪ್ಪನ ಹೆಗಲ ಮೇಲಿದ್ದರು.

– ಏರಿಯ ಮೇಲೆ ಗೆಳತಿ ಒಂದು ಕಟ್ಟಳೆ ಮಾಡಿದ್ದಳು. ಮಗ ನಮ್ಮಿಬ್ಬರ ನಡುವೆ ಬರಬೇಕು, ಎಲ್ಲರೂ ಗದ್ದೆ ಪಕ್ಕಕ್ಕೇ ತುಳೀಬೇಕು. ಅಷ್ಟು ಮಾತಾಡೋ ಗೆಳತಿ, ಒಂದು ಕಡೆ ಬಂದಾಗ ಸುಮ್ಮನಾಗಿ ಸೈಕಲ್ ಇಳಿದಳು. ತಳ್ಳಿಕೊಂಡೇ ನಡೆದಳು. ನಾನೂ ಇಳಿದೆ. ಏನು ಅಂತ ಕೇಳಲಿಲ್ಲ. ಸ್ವಲ್ಪ ದೂರ ಹೋದಮೇಲೆ ಅವಳೇ ಹೇಳಿದಳು, ಕನಗನಮರಡಿ ಇಲ್ಲೇ ಹತ್ತಿರ ಅಂತ.

– 2018ರ ನವೆಂಬರ್ 24. ಶನಿವಾರ. ಶನಿವಾರ ಅಂದರೆ ಅರ್ಧ ದಿನದ ಸ್ಕೂಲು, ಮಕ್ಕಳು ಮಧ್ಯಾಹ್ನ ಮನೆಗೆ ಹೊರಟಿದ್ದರು. ಬಸ್ಸು ನಾಲೆಗೆ ಬಿತ್ತು. ಮೂವತ್ತು ಜನ. ಆಮೇಲೂ ಆ ನಾಲೆಗೆ ಕಾರು ಬಿದ್ದು ಜನ ಸತ್ತರು. ಆ ಸಂಜೆ ನಾನು ಇಲ್ಲಿ ಟೀವಿ ಮುಂದೆ ಕೂತಿದ್ದೆ. ಪಾಠ ಹೇಳಿದ ಊರುಗಳ ಹೆಸರು ಒಂದೊಂದಾಗಿ ಬರ್ತಿತ್ತು. ಆ ಮನೆಗಳಲ್ಲಿ ನನ್ನ ಹಳೇ ಶಿಷ್ಯರ ಮಕ್ಕಳಿರಬಹುದು ಅಂತ ಅನ್ನಿಸಿ ಫೋನ್ ಮಾಡೋಕೂ ಧೈರ್ಯ ಬರಲಿಲ್ಲ.

– ಈಗ ಕೆಲವು ಕಡೆ ತಡೆಗೋಡೆ ಕಟ್ಟಿದ್ದಾರೆ, ಎಲ್ಲ ಕಡೆ ಇಲ್ಲ. ಅನ್ನ ಕೊಡೋ ನೀರೇ ಅದು, ಆದರೂ ಮಕ್ಕಳನ್ನ ಅದರ ಪಕ್ಕ ಬಿಟ್ಟು ನಿಲ್ಲೋಕೆ ಆಗಲ್ಲ ಅಂದಳು.

– ಹೂಂ.

– ಅಲ್ಲಿಂದ ಸ್ವಲ್ಪ ಮುಂದೆ ನನ್ನ ಸೈಕಲ್ಲು ಪಂಕ್ಚರ್ ಆಯಿತು. ಜಾಲಿ ಮುಳ್ಳು. ಏರಿ ಇಳಿದು ಅರ್ಧ ಮೈಲಿ ತಳ್ಳಿಕೊಂಡು ಹೋದರೆ ಒಂದು ಕ್ರಾಸು, ಅಲ್ಲೊಂದು ಅಂಗಡಿ. ಈಗೆಲ್ಲ ಬೈಕಿನ ಪಂಕ್ಚರೇ ಹಾಕೋದು, ಸೈಕಲ್ ಬರೋದೇ ಇಲ್ಲ ಅಂತ ಯಜಮಾನರು ಮೊದಲು ಅನುಮಾನ ಮಾಡಿದರು. ಆಮೇಲೆ ಆ ಹರ್ಕ್ಯುಲಿಸ್ಸನ್ನ ನೋಡಿ, ಇದು ಇಂಥವರದಲ್ವಾ ಅಂತ ಗುರುತು ಹಿಡಿದುಬಿಟ್ಟರು. ಗೆಳತಿಯ ಅಪ್ಪನ ಹೆಸರು ಹೇಳಿದರು. ಆಮೇಲೆ ನಮ್ಮನ್ನ ನೋಡಿದ ಕಣ್ಣೇ ಬೇರೆ. ಟ್ಯೂಬು ಎಳೆದು, ಗಾಳಿ ತುಂಬಿ, ಬಾಂಡ್ಲಿಯ ನೀರಿನಲ್ಲಿ ಸುತ್ತಲೂ ಮುಳುಗಿಸುತ್ತಾ ಹೋದರು. ಒಂದು ಕಡೆ ಸಣ್ಣ ಗುಳ್ಳೆ ಸಾಲಾಗಿ ಎದ್ದಿತು. ಮಗನ ಬೆರಳನ್ನೇ ಹಿಡಿದು ಆ ತೂತಿನ ಮೇಲೆ ಇಟ್ಟರು, ಬಿಡಬೇಡ ಅಂತ. ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ, ಪ್ಯಾಚ್ ಅಂಟಿಸಿ ಸುತ್ತಿಗೆಯಲ್ಲಿ ಮೆತ್ತಗೆ ತಟ್ಟಿದರು. ಎಷ್ಟು ಅಂದರೆ, ನೆಂಟರ ಹತ್ತಿರ ಕಾಸು ಇಸ್ಕೊಳ್ತಾರೇನವ್ವ ಅಂದರು.

– ಸೈಕಲ್ ಗುರುತು ಹಿಡಿದರು ನೋಡು. ಹಳ್ಳಿಯಲ್ಲಿ ಮನುಷ್ಯನಿಗಿಂತ ಮುಂಚೆ ಅವನ ಸೈಕಲ್ ಬೆಲ್ಲಿನ ಸದ್ದು ಬರ್ತಿತ್ತು.

– ಅಲ್ಲಿ ಕೂತಿದ್ದಾಗ ನನಗೆ ಒಂದು ಅನ್ನಿಸಿತು ಮೇಷ್ಟ್ರೇ, ನಿಮ್ಮ ಹತ್ತಿರ ಹೇಳಬೇಕು ಅಂತಲೇ ಬಂದೆ. ಕಾರಿನಲ್ಲಿ ಹೋದರೆ ಊರಿನ ಹಂಗಿಲ್ಲ. ನೀರಿನ ಬಾಟಲ್ ಇರುತ್ತೆ, ನೆರಳಿರುತ್ತೆ, ದಾರಿ ಫೋನ್ ಹೇಳುತ್ತೆ. ಗಾಜು ಇಳಿಸೋ ಅಗತ್ಯವೇ ಬೀಳಲ್ಲ. ಸೈಕಲ್ಲಿನಲ್ಲಿ ಹೋದರೆ ಹೆಜ್ಜೆಹೆಜ್ಜೆಗೂ ಹಂಗು. ನೀರು ಕೇಳಬೇಕು, ದಾರಿ ಕೇಳಬೇಕು, ಗಾಳಿ ತುಂಬಿಸಿಕೊಳ್ಳಬೇಕು. ಆ ಕೇಳೋದರಿಂದಲೇ ಊರು ಬಾಗಿಲು ತೆಗೆಯೋದು. ನಾನು ಏನನ್ನೂ ಕೇಳದೆ ಇದ್ದಿದ್ದರೆ ನನಗೆ ಯಾರೂ ಏನೂ ಹೇಳ್ತಿರಲಿಲ್ಲ. ಯಾವೂರವ್ವ, ಯಾರ ಮನೆಗೆ ಬಂದಿದ್ದೀಯ ಅಂತ ಆ ಒಂದು ದಿನದಲ್ಲಿ ಹತ್ತು ಜನ ಕೇಳಿರಬಹುದು. ಈ ಬೀದಿಯಲ್ಲಿ ಒಂಬತ್ತು ವರ್ಷದಿಂದ ಇದ್ದೀನಿ, ನೀವೊಬ್ಬರನ್ನ ಬಿಟ್ಟರೆ ಯಾರೂ ಕೇಳಿಲ್ಲ.

– ಹಂಗು ಅನ್ನೋ ಮಾತನ್ನ ಅಲ್ಲಿ ತರಬೇಡಮ್ಮ. ಆ ಮಾತಿನ ಭಾರ ನಿನಗೆ ಗೊತ್ತಿಲ್ಲ. ಬೀಜದ ಭತ್ತ ಸಾಲ ಕೊಟ್ಟವನ ಜಗಲಿ ಮುಂದೆ ನಮ್ಮಜ್ಜ ಟವಲ್ಲು ಕಂಕುಳಲ್ಲಿಟ್ಟುಕೊಂಡು ನಿಲ್ತಿದ್ದ. ಅದು ಹಂಗು. ಯಾರ ಹಂಗಿಲ್ಲದೆ ಬದುಕಿದ ಅಂತ ಅನ್ನಿಸಿಕೊಳ್ಳೋದಕ್ಕೆ ಜನ ಜೀವ ಸವೆಸಿದ್ದಾರೆ. ಕೊಟ್ಟವನು ನೆನಪಿಟ್ಟುಕೊಂಡರೆ ಹಂಗು. ಪಡೆದವನು ನೆನಪಿಟ್ಟುಕೊಂಡರೆ ಋಣ. ಆ ಅಂಗಡಿಯವನು ಇಷ್ಟೊತ್ತಿಗೆ ಮರೆತಿರ್ತಾನೆ. ನೀನು ಮರೆತಿಲ್ಲ.

– ಹಾಗಾದರೆ ಋಣವೇ ಅನ್ನೋಣ. ಆದರೆ ಒಂದು ಕೇಳಲಾ? ಊರಿನಲ್ಲೇ ಇರೋರಿಗೆ ಅದು ಹಂಗಾಗಿ, ಎರಡು ದಿನಕ್ಕೆ ಬಂದು ಹೋಗೋರಿಗೆ ಮಾತ್ರ ಋಣ ಅನ್ನಿಸೋದಾ?

– ಅದೂ ಇದೆ. ನೀನು ಸೋಮವಾರ ಬೆಳಿಗ್ಗೆ ವಾಪಸ್ ಬಂದುಬಿಡ್ತೀಯ. ಅವರು ಅಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಇರಬೇಕು. ನಾನು ಇಪ್ಪತ್ತೆರಡು ವರ್ಷ ಇದ್ದೆ ಆ ಕಡೆ. ಒಳ್ಳೇದೂ ನೋಡಿದೆ, ಬೇರೆ ಕೇರಿಯವರಿಗೆ ನೀರು ಮೇಲಿಂದ ಹುಯ್ಯೋದನ್ನೂ ನೋಡಿದೆ. ಯಾರ ಮನೆಗೆ ಬಂದಿದ್ದೀಯ ಅಂತ ಕೇಳೋ ಮಾತಿನಲ್ಲಿ ಅಕ್ಕರೆ ಎಷ್ಟಿದೆಯೋ, ಯಾವ ಕೇರಿ ಅಂತ ತಿಳಕೊಳ್ಳೋ ಹವಣಿಕೆಯೂ ಅಷ್ಟೇ ಇರಬಹುದು. ಅದನ್ನ ನೀನು ಮರೀಬಾರದು.

– ಮರೆಯಲ್ಲ. ಆ ಪ್ರಶ್ನೆಗೆ ಗೆಳತಿಯೇ ಮುಂದೆ ಬಿದ್ದು ಉತ್ತರ ಹೇಳಿದ್ದು ಯಾಕೆ ಅಂತ ಈಗ ಹೊಳೀತಿದೆ.

– ಹೇಳು, ಆಮೇಲೆ ಎಲ್ಲಿಗೆ ಹೋದಿರಿ?

– ಆಲೆಮನೆಗೆ. ಅದರ ವಾಸನೆಯೇ ನಮ್ಮನ್ನ ಎಳಕೊಂಡು ಹೋಯಿತು. ಏರಿ ಮೇಲಿದ್ದಾಗಲೇ ಗಾಳಿಯಲ್ಲಿ ಸಿಹಿ, ಜೊತೆಗೆ ಸುಟ್ಟ ಸಿಪ್ಪೆಯ ಹೊಗೆ. ಗೆಳತಿಯ ಕಬ್ಬೂ ಅಲ್ಲಿಗೇ ಹೋಗೋದು. ತೆಂಗಿನ ಗರಿಯ ಚಪ್ಪರ, ಒಂದು ಪಕ್ಕದಲ್ಲಿ ಗಾಣ. ಕಬ್ಬನ್ನ ಎರಡೆರಡು ಜಲ್ಲೆ ಬಾಯಿಗೆ ಕೊಡ್ತಿದ್ದರು, ಆ ಕಡೆಯಿಂದ ಸಿಪ್ಪೆ ಚಪ್ಪಟೆಯಾಗಿ ಬಂದು ಬೀಳ್ತಿತ್ತು. ಅದೇ ಸಿಪ್ಪೆಯನ್ನ ಒಣಗಿಸಿ ಅದೇ ಒಲೆಗೆ. ಬೇರೆ ಸೌದೆಯನ್ನೇ ನಾನು ನೋಡಲಿಲ್ಲ. ಕೊಪ್ಪರಿಗೆ ಅಂದರೆ ನಮ್ಮ ಅಡುಗೆಮನೆಯಷ್ಟು ಅಗಲ. ಕಬ್ಬಿನ ಹಾಲು ಮೊದಲು ಹಸಿರುಗಪ್ಪು. ಕಾದಂತೆ ಮೇಲೆ ಕೊಳೆ ಕಟ್ಟುತ್ತೆ. ಉದ್ದನೆ ಹಿಡಿಯ ಜಾಲರಿಯಲ್ಲಿ ಅದನ್ನ ತೆಗೆದು ತೆಗೆದು ಪಕ್ಕಕ್ಕೆ ಹಾಕೋದು. ಆಮೇಲೆ ನೊರೆ ಉಕ್ಕಿ ಕೊಪ್ಪರಿಗೆಯ ಅಂಚಿನವರೆಗೂ ಬಂತು. ಮಗ ಹೆದರಿ ಹಿಂದಕ್ಕೆ ಸರಿದ. ಕೊಪ್ಪರಿಗೆ ಹತ್ತಿರ ನಿಂತಿದ್ದವನು ಒಂದು ಚಮಚ ಎಣ್ಣೆಯಷ್ಟೇ ಬಿಟ್ಟ, ನೊರೆ ಕುಗ್ಗಿಹೋಯಿತು.

– ಹದ ನೋಡೋನು ಯಾರು?

– ಅದನ್ನೇ ಹೇಳೋಕೆ ಬಂದೆ. ಉತ್ತರ ಪ್ರದೇಶದ ಹುಡುಗ, ಇಪ್ಪತ್ತೈದು ದಾಟಿರಲಾರದು. ಕೆಲಸಗಾರರಲ್ಲಿ ಅರ್ಧಕ್ಕರ್ಧ ಆ ಕಡೆಯವರೇ. ಊರಿನ ಹುಡುಗರು ಒಲೆ ಮುಂದೆ ನಿಲ್ಲೋಕೆ ಬರಲ್ಲ ಅಂದರು ಯಜಮಾನರು. ಆ ಹುಡುಗ ಪಾಕವನ್ನ ಒಂದು ಹನಿ ತಣ್ಣೀರಿನ ಬಟ್ಟಲಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಕಟ್ಟಿ ನೋಡಿದ. ಇನ್ನೂ ಇಲ್ಲ ಅಂತ ತಲೆ ಆಡಿಸಿದ. ಕಪ್ಪೆಗಣ್ಣಿನಂಥ ಗುಳ್ಳೆ ಎದ್ದಾಗ ಇನ್ನೊಂದು ಸಲ ನೋಡಿದ. ಉಂಡೆಯನ್ನ ಬಟ್ಟಲಿನ ಅಂಚಿಗೆ ತಟ್ಟಿದರೆ ಟಣ್ ಅಂತು. ಹದ ಬಂತು ಅಂತ ಕನ್ನಡದಲ್ಲೇ ಕೂಗಿದ. ನಾಲ್ಕು ಜನ ಓಡಿಬಂದು ಒಲೆಯಿಂದ ಕೊಪ್ಪರಿಗೆ ಸರಿಸಿದರು. ಅಚ್ಚಿಗೆ ಸುರಿಯೋ ಮುಂಚೆ ಕಬ್ಬಿನ ಗರಿಯ ಮೇಲೆ ಒಂದಿಷ್ಟು ಬಿಸಿ ಬೆಲ್ಲ ಹಾಕಿ ಮಗನಿಗೆ ಕೊಟ್ಟ. ನಿಮ್ಮೂರಲ್ಲೂ ಹೀಗೇನಾ ಅಂತ ಹಿಂದಿಯಲ್ಲಿ ಕೇಳಿದೆ. ಅಲ್ಲೂ ಕಬ್ಬು, ಅಲ್ಲೂ ಬೆಲ್ಲ, ಕೂಲಿ ಮಾತ್ರ ಇಲ್ಲಿ ಹೆಚ್ಚು ಅಂದ. ಸಾವಿರ ಮೈಲಿ ಬಂದು ನಿಮ್ಮ ಮಂಡ್ಯದ ಬೆಲ್ಲಕ್ಕೆ ಹದ ಹೇಳ್ತಿದ್ದಾನೆ ಮೇಷ್ಟ್ರೇ.

– ಒಂದು ಟನ್ ಕಬ್ಬು ಅರೆದರೆ ಹೆಚ್ಚುಕಡಿಮೆ ನೂರು ಕೆಜಿ ಬೆಲ್ಲ. ಅದರಲ್ಲಿ ಕೂಲಿ, ಗಾಡಿ, ಆಲೆಮನೆ ಬಾಡಿಗೆ ಕಳೆದು ರೈತನಿಗೆ ಏನು ಉಳೀಬೇಕು? ಬಣ್ಣ ಹೇಗಿತ್ತು ಬೆಲ್ಲದ್ದು?

– ಕಂದು. ಗಾಢ ಕಂದು. ಯಜಮಾನರು ಅದನ್ನ ನಾಚಿಕೊಂಡೇ ತೋರಿಸಿದರು, ಮಾರ್ಕೆಟ್ಟಿನಲ್ಲಿ ಇದಕ್ಕೆ ರೇಟಿಲ್ಲ ಅಂತ.

– ಅದಕ್ಕೆ ನಾವು ಕಾರಣ ಕಣಮ್ಮ. ಪೇಟೆಯವರು. ಹೊನ್ನಿನ ಬಣ್ಣದ ಬೆಲ್ಲ ಬೇಕು ಅಂತ ನಾವು ಆರಿಸ್ತೀವಿ, ಅವರು ಹೈಡ್ರೋಸ್ ಹಾಕಿ ಬಿಳುಪು ಮಾಡ್ತಾರೆ. ಹಿಂದೆ ಬೆಂಡೆಗಿಡದ ಲೋಳೆ, ಸುಣ್ಣದ ತಿಳಿ, ಇಷ್ಟೇ ಹಾಕಿ ಕೊಳೆ ತೆಗೀತಿದ್ದರು. ಕಪ್ಪಗಿದ್ದರೆ ಕಪ್ಪು, ಅದು ಬೆಲ್ಲದ ಬಣ್ಣ. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರು ಮುಂದೆ ನಿಂತು ಮಾಡಿಸಿದ್ದು. ಅಷ್ಟು ದೊಡ್ಡ ಕಾರ್ಖಾನೆ ಬಂದರೂ ಆಲೆಮನೆ ಸಾಯಲಿಲ್ಲ. ನಮ್ಮ ಕಣ್ಣಿನ ಚಪಲಕ್ಕೆ ಸಾಯಬಾರದು ಅಂತ ನನ್ನಾಸೆ. ನೀನು ತಂದೆಯಾ?

– ಎರಡು ಅಚ್ಚು ತಂದಿದ್ದೀನಿ, ಒಂದು ನಿಮಗೆ.

– ಇರಲಿ, ಅದು ಆಮೇಲೆ. ಈಗ ನಾನೊಂದು ಕೇಳ್ತೀನಿ, ಬೇಜಾರು ಮಾಡಿಕೋಬೇಡ. ನೀನು ಎರಡು ದಿನ ಬಿಡುವು ಅಂತ ಹೋದೆ. ಅವಳಿಗೆ ಬಿಡುವಿತ್ತಾ?

– ಅದನ್ನ ನಾನೇ ಹೇಳಬೇಕು ಅಂತಿದ್ದೆ. ಶನಿವಾರ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅಕ್ಕಿ ರೊಟ್ಟಿ ಆಗಿತ್ತು, ಚಟ್ನಿ ಆಗಿತ್ತು. ರಾತ್ರಿ ಹಿತಕಿದ ಅವರೆಬೇಳೆ ಸಾರು, ಮುದ್ದೆ. ಆ ಅವರೆಕಾಯಿಯನ್ನ ಯಾವಾಗ ಬಿಡಿಸಿದರು, ಯಾವಾಗ ನೆನೆಹಾಕಿ ಒಂದೊಂದೇ ಹಿತಕಿದರು, ಏನೂ ನನಗೆ ಗೊತ್ತಿಲ್ಲ. ಚಪ್ಪರಿಸಿ ತಿಂದೆ. ಆ ರಾತ್ರಿ ನೀರು ಕುಡಿಯೋಕೆ ಎದ್ದರೆ ಕೊಟ್ಟಿಗೆಯಲ್ಲಿ ದೀಪ. ಗಂಟೆ ನಾಲ್ಕೂವರೆ. ಗೆಳತಿ ಸೀರೆ ಎತ್ತಿಕಟ್ಟಿ ಸಗಣಿ ಬಾಚ್ತಿದ್ದಾಳೆ. ನಮ್ಮ ಜೊತೆ ಇಡೀ ದಿನ ಸೈಕಲ್ ತುಳಿದವಳು. ನಾನು ಅಲ್ಲೇ ಬಾಗಿಲಲ್ಲಿ ನಿಂತುಬಿಟ್ಟೆ. ಅವಳು ತಿರುಗಿ ನೋಡಿ, ಯಾಕೆ ಎದ್ದೆ, ಮಲಕ್ಕೊ ಹೋಗು ಅಂದಳು.

– ಮಲಗಿದೆಯಾ?

– ಇಲ್ಲ. ಹಾಲು ಕರೆಯೋಕೆ ನನಗೆ ಬರಲ್ಲ. ಪೊರಕೆ ಹಿಡಿದೆ. ಹಸುವಿಗೆ ಬೂಸ ಕಲಸಿದೆ, ನೀರು ಹೆಚ್ಚಾಯಿತು ಅಂತ ಅವ್ವ ಮತ್ತೆ ಸರಿಮಾಡಿದರು. ಆರು ಗಂಟೆಗೆ ಹಾಲಿನ ಕ್ಯಾನನ್ನ ಹರ್ಕ್ಯುಲಿಸ್ಸಿನ ಕ್ಯಾರಿಯರಿಗೆ ಕಟ್ಟಿ ನಾನೂ ಮಗನೂ ಡೇರಿಗೆ ಹೋದೆವು. ಮಂಜು ಎಷ್ಟಿತ್ತು ಅಂದರೆ ಮುಂದಿನ ಚಕ್ರವಷ್ಟೇ ಕಾಣ್ತಿತ್ತು. ನಾನು ಹ್ಯಾಂಡಲ್ ಹಿಡಿದು ತಳ್ಳೋದು, ಅವನು ಹಿಂದಿನಿಂದ ಎರಡು ಕೈಯಲ್ಲೂ ಕ್ಯಾನು ಹಿಡಿಯೋದು. ಹಾಲು ತುಳುಕೋ ಸದ್ದು ಹೆಜ್ಜೆಗೊಂದು ಸಲ. ಡೇರಿಯಲ್ಲಿ ಸಾಲು. ಎಲ್ಲ ಹೆಂಗಸರೇ. ಅಳತೆ ಹಾಕೋ ಹುಡುಗ ಒಂದಿಷ್ಟು ಹಾಲು ತೆಗೆದು ಮಿಷನ್ನಿಗೆ ಹಿಡಿದು ಫ್ಯಾಟ್ ಹೇಳಿದ. ಆ ನಂಬರ್ ಬರೋವರೆಗೂ ನನ್ನ ಎದೆ ಹೊಡಕೊಳ್ತಿತ್ತು, ನನ್ನದೇ ಪರೀಕ್ಷೆ ಅನ್ನೋ ಹಾಗೆ. ಆ ಹಾಲಿನ ಚೀಟಿ ತಂದು ಅವ್ವನ ಕೈಗೆ ಕೊಟ್ಟಾಗಲೇ ನಾನು ಆ ಮನೆಗೆ ನಿಜವಾಗಿ ಬಂದ ಹಾಗಾಯಿತು.

– ಹ್ಞಾಂ. ಇದು ಸರಿ. ಹಳ್ಳಿಗೆ ಹೋಗಿ ಬಂದವರು ಗಾಳಿ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು ಅಂತಾರೆ. ಕೊಟ್ಟಿಗೆ ಹೇಗಿತ್ತು ಅಂತ ಒಬ್ಬರೂ ಹೇಳಲ್ಲ. ಭಾನುವಾರ?

– ಮೇಲುಕೋಟೆ. ಗೆಳತಿಯೂ ಬಂದಳು, ಮಧ್ಯಾಹ್ನದ ಕೆಲಸವನ್ನ ಗಂಡನಿಗೆ ವಹಿಸಿ. ಜಕ್ಕನಹಳ್ಳಿವರೆಗೂ ಬಸ್ಸು. ನಮಗಿಬ್ಬರಿಗೂ ಶಕ್ತಿ ಟಿಕೆಟ್, ದುಡ್ಡಿಲ್ಲ. ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ಎಲ್ಲೂ ಬಸ್ಸಿನಲ್ಲಿ ಹೋಗಿರಲಿಲ್ಲ ನಾವು, ಕಿಟಕಿ ಪಕ್ಕದ ಸೀಟಿಗೆ ಕಾಲೇಜಿನವರ ಹಾಗೆ ಜಗಳ ಆಡಿದೆವು. ಅಲ್ಲಿಂದ ನಡಕೊಂಡು ಬೆಟ್ಟ ಹತ್ತಿದೆವು. ಯಾವುದೂ ಹಸಿರಿಲ್ಲ, ಬಂಡೆ, ಕುರುಚಲು, ಒಣ ಹುಲ್ಲು. ನಾಲೆ ಸೀಮೆಯಿಂದ ಇಷ್ಟು ಹತ್ತಿರದಲ್ಲಿ ಇಷ್ಟು ಒಣಭೂಮಿ ಇದೆ ಅಂತ ಗೊತ್ತಿರಲಿಲ್ಲ.

– ತೋಳದ ಕಾಡು ಅದು. 1974ರಲ್ಲಿ ವನ್ಯಧಾಮ ಮಾಡಿದ್ದೇ ತೋಳಗಳಿಗೋಸ್ಕರ. ತೋಳಕ್ಕೆ ಒಣ ಕುರುಚಲು ಬೇಕು, ದಟ್ಟ ಕಾಡಲ್ಲ. ನಾವು ಚಿಕ್ಕಂದಿನಲ್ಲಿ ವೈರಮುಡಿಗೆ ಆ ದಾರಿಯಲ್ಲೇ ರಾತ್ರಿ ಹೋಗೋದು. ಹೆಂಗಸರು, ಮಕ್ಕಳು ಗಾಡಿಯಲ್ಲಿ, ಗಂ­ಡಸರು ನಡಿಗೆ. ಚಕ್ಕುಲಿ, ಕೋಡುಬಳೆ ಗಂಟು. ಎಲ್ಲೋ ದೂರದಲ್ಲಿ ತೋಳ ಊಳಿಟ್ಟರೆ ಗಾಡಿಯಲ್ಲಿದ್ದ ಮಕ್ಕಳೆಲ್ಲ ಒಟ್ಟೊಟ್ಟಿಗೆ ಮುದುರಿಕೊಳ್ತಿದ್ದೆವು. ವೈರಮುಡಿ ಕಿರೀಟ ಮಂಡ್ಯದ ಖಜಾನೆಯಲ್ಲಿರುತ್ತೆ, ಅವತ್ತು ಪೊಲೀಸ್ ಕಾವಲಿನಲ್ಲಿ ಹೊರಡುತ್ತೆ. ದಾರಿಯುದ್ದಕ್ಕೂ ಊರೂರಿನಲ್ಲಿ ನಿಲ್ಲಿಸಿ ಪೂಜೆ ಮಾಡ್ತಾರೆ. ಹಗಲ ಬೆಳಕು ಅದರ ಮೇಲೆ ಬೀಳಬಾರದು, ರಾತ್ರಿಯೇ ಉತ್ಸವ. ನಮ್ಮಮ್ಮ ಒಂದು ಸಲ ನನ್ನನ್ನ ಹೆಗಲ ಮೇಲೆ ಎತ್ತಿ ತೋರಿಸಿದಳು. ಕಿರೀಟ ನೆನಪಿಲ್ಲ. ಪಂಜಿನ ಬೆಳಕಿನಲ್ಲಿ ಅಮ್ಮನ ಕಣ್ಣಿನಲ್ಲಿ ನೀರು ಇದ್ದದ್ದು ನೆನಪಿದೆ.

– ನಾವು ಹೋದಾಗ ಜನವೇ ಇರಲಿಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆವು. ರಾಯಗೋಪುರದ ಆ ಮುಗಿಯದ ನಾಲ್ಕು ಎತ್ತರದ ಕಂಬಗಳ ಕೆಳಗೆ ಮಗ ಅಂಗಾತ ಮಲಗಿ ಆಕಾಶ ನೋಡಿದ. ಕವಿ ಪುತಿನ ಅವರ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತೆವು. ಆಮೇಲೆ ಅಕ್ಕತಂಗಿ ಕೊಳ. ಪಕ್ಕಪಕ್ಕದಲ್ಲೇ ಎರಡು ಕೊಳ, ನಡುವೆ ಒಂದು ಕಟ್ಟೆಯಷ್ಟೇ. ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಬೇರೆ ಕೆಲಸಕ್ಕೆ. ಅಲ್ಲಿ ಗೆಳತಿ ತುಂಬ ಹೊತ್ತು ಮಾತಾಡಿದಳು. ಊರಿಗೆ ಬಂದದ್ದು ತಪ್ಪಾಯಿತಾ ಅಂತ ಮೊದಲೆರಡು ವರ್ಷ ದಿನಾ ಅಳ್ತಿದ್ದಳಂತೆ. ನನಗೆ ಫೋನ್ ಮಾಡಿ ಬಾ ಬಾ ಅಂತಿದ್ದದ್ದು ಆಗಲೇ. ನಾನು ಮುಂದಿನ ತಿಂಗಳು, ಮುಂದಿನ ತಿಂಗಳು ಅಂತ ಹೇಳಿಕೊಂಡೇ ಬಂದೆ. ಒಂದೂವರೆ ಗಂಟೆಯ ದಾರಿ ಮೇಷ್ಟ್ರೇ.

– ಏನಂದೆ ಅವಳಿಗೆ?

– ಏನೂ ಅನ್ನೋಕಾಗಲಿಲ್ಲ. ಅವಳ ಕೈ ಹಿಡಕೊಂಡು ಕೂತೆ. ಅಂಗೈ ಒರಟಾಗಿತ್ತು. ಇಳಿಯುವಾಗ ಅವಳೇ ನಗಿಸಿದಳು.

– ಇನ್ನು ಮೇಲೆ ಹೋಗ್ತಾ ಇರು. ಕರೆಯೋವರೆಗೂ ಕಾಯಬೇಡ.

– ಯುಗಾದಿಗೆ ಅಂತ ಹೇಳಿ ಬಂದಿದ್ದೀನಿ. ಸಂಜೆ ಬಸ್ ಇಳಿದು ಊರಿಗೆ ನಡಕೊಂಡು ಬರ್ತಿದ್ದಾಗ ರಸ್ತೆ ತುಂಬ ಹುರುಳಿ ಹರಡಿದ್ದರು, ಗಿಡದ ಸಮೇತ. ಕಾರು, ಬಸ್ಸು ಅದರ ಮೇಲೆ ಹತ್ತಿಕೊಂಡು ಹೋದರೆ ಅದೇ ಒಕ್ಕಣೆ.

– ಅದು ನನಗೆ ಸರಿ ಕಾಣಲ್ಲ. ಬೈಕಿನವರು ಜಾರಿ ಬಿದ್ದು ಸಾಯ್ತಾರೆ. ಹಿಂದೆ ಕಣ ಮಾಡಿ, ಸಗಣಿ ಸಾರಿಸಿ, ಮೇಟಿ ನೆಟ್ಟು, ರೋಣಗಲ್ಲು ಹೊಡೀತಿದ್ದರು. ಎತ್ತಿಲ್ಲ, ಕಣವಿಲ್ಲ, ಆಳಿಲ್ಲ. ಏನು ಮಾಡ್ತಾರೆ ಹೇಳು, ಕಣಕ್ಕೆ ಬಿಟ್ಟಿದ್ದ ಜಾಗದಲ್ಲೂ ಮನೆ ಎದ್ದಿದೆ.

– ಒಬ್ಬರು ಅಜ್ಜಿ ಒಬ್ಬರೇ ಬಿದಿರು ಕೋಲಿನಲ್ಲಿ ಅದನ್ನ ಮಗುಚಿ ಹಾಕ್ತಿದ್ದರು. ಕತ್ತಲಾಗ್ತಿತ್ತು, ಗಾಡಿಗಳು ಲೈಟ್ ಹಾಕಿಕೊಂಡು ಬರ್ತಿದ್ದವು, ನಮಗೆ ಭಯ ಆಯಿತು. ಮೂರು ಜನವೂ ಸೇರಿ ಗಿಡ ಕೊಡವಿ ಪಕ್ಕಕ್ಕೆ ಎಳೆದೆವು, ಕಾಳನ್ನ ಗುಡಿಸಿ ರಾಶಿ ಮಾಡಿದೆವು. ಮಗ ಮೂಟೆಯ ಬಾಯಿ ಹಿಡಿದ. ಹೊರಡುವಾಗ ಅಜ್ಜಿ ಸೆರಗಿನಲ್ಲಿ ಒಂದು ಸೇರು ಅಳೆದು ಅವನ ಟೋಪಿಗೆ ಸುರಿದುಬಿಟ್ಟರು. ಬೇಡ ಅಂದರೂ ಕೇಳಲಿಲ್ಲ. ಇಗೋ, ಅರ್ಧ ನಿಮಗೆ ತಂದಿದ್ದೀನಿ.

– ತಾ ಇಲ್ಲಿ. ಹೊಸ ಕಾಳು. ವಾಸನೆ ನೋಡು, ಮಣ್ಣು ಹಾಗೇ ಇದೆ. ಇವತ್ತು ರಾತ್ರಿ ನೆನೆಹಾಕಿದರೆ ನಾಳೆ ಮೊಳಕೆ ಕಟ್ಟಬಹುದು, ಬಸ್ಸಾರು ಮಾಡಿಸ್ತೀನಿ, ಮಗನನ್ನೂ ಕಳಿಸು. ಅಯ್ಯೋ, ತಡಿ. ಕಲ್ಲಿದೆ ಇದರಲ್ಲಿ, ನೋಡು, ಟಾರು ಅಂಟಿದ ಜಲ್ಲಿ. ಒಳಗೆ ಬಾಗಿಲ ಹಿಂದೆ ಮೊರ ಇದೆ, ತಗೊಂಡು ಬಾಮ್ಮ. ನನ್ನ ಕನ್ನಡಕವನ್ನೂ ತಾ. ಇಬ್ಬರೂ ಕೂತು ಆರಿಸಿಬಿಡೋಣ.